ಒಂದು ಢಂ ಅಂದರೆ ಬಸ್ಸು ಇಳಿದೆ ಅಂತ

ನಮ್ಮ ಮನೆಯಲ್ಲಿ ಮೊಬೈಲಿಗೆ ರೇಂಜ್ ಸಿಗುವುದಿಲ್ಲ ಅಂದರೆ ಪೇಟೆಯ ನೆಂಟರು "ಎಷ್ಟು ನೆಮ್ಮದಿ ನೋಡಿ ನಿಮಗೆ" ಅನ್ನುತ್ತಾರೆ. ಅವರನ್ನು ಒಂದು ತಿಂಗಳು ಇಲ್ಲಿ ತಂದು ಕೂರಿಸಬೇಕು, ಜೊತೆಗೆ ಹದಿನಾರು ವರ್ಷದ ಒಂದು ಮಗಳನ್ನೂ ಕೊಡಬೇಕು. ಆಮೇಲೆ ನೆಮ್ಮದಿಯ ವಿಷಯ ಕೇಳೋಣ.

ರೇಂಜ್ ಸಿಗುವುದು ಒಂದೇ ಕಡೆ. ಮನೆಯ ಹಿಂದಿನ ಕಾಫಿ ತೋಟ ಹತ್ತಿದರೆ ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆ ಇದೆ. ಅದಕ್ಕೆ ರೇಂಜ್ ಕಲ್ಲು ಅಂತಲೇ ಹೆಸರು. ಸುತ್ತಲಿನ ಮನೆಯವರೆಲ್ಲರ ಫೋನೂ ಅಲ್ಲೇ ಆಗಬೇಕು. ಸಂಬಂಧ ಕೇಳುವುದು, ಮುನಿಸಿಕೊಂಡ ಗಂಡನನ್ನು ಕರೆಯುವುದು, ಡಾಕ್ಟರಿಗೆ ಹೊಟ್ಟೆಯ ಅವಸ್ಥೆ ವಿವರಿಸುವುದು, ಎಲ್ಲ ಆ ಕಲ್ಲಿನ ಮೇಲೆ ನಿಂತೇ. ಒಬ್ಬರು ಮಾತಾಡುವಾಗ ಕಾಯುತ್ತಿರುವವರು ಆಚೆ ತಿರುಗಿ ಮರ ನೋಡಬೇಕು, ಅದು ಇಲ್ಲಿನ ಮರ್ಯಾದೆ. ಕಣ್ಣನ್ನು ತಿರುಗಿಸಬಹುದು, ಕಿವಿಯನ್ನು ಎಲ್ಲಿಡುವುದು? ಸಾಲದ್ದಕ್ಕೆ ಅಲ್ಲಿ ಆಡಿದ ಮಾತು ಎದುರು ಗುಡ್ಡಕ್ಕೆ ಬಡಿದು ಇನ್ನೊಂದು ಸಲ ಕೇಳುತ್ತದೆ. ಮೊದಲ ಸಲ ತಪ್ಪಿಸಿಕೊಂಡವರಿಗೆ ಎರಡನೇ ಸಲ ಸಿಗುತ್ತದೆ.

ಮಗಳು ನನ್ನ ಜೊತೆ ಮಾತು ಬಿಟ್ಟದ್ದು ಈ ಕಲ್ಲಿನ ದೆಸೆಯಿಂದ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅಡುಗೆಮನೆಗೆ ಬಂದು, ಕ್ಲಾಸಿನ ಹುಡುಗನೊಬ್ಬ ಚಾಕಲೇಟ್ ಕೊಟ್ಟನೆಂದೂ, ತಿನ್ನಬೇಕೋ ವಾಪಸ್ ಕೊಡಬೇಕೋ ಗೊತ್ತಾಗದೆ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟೆನೆಂದೂ, ಅದು ಕರಗಿ ಕೈವಾರಕ್ಕೆಲ್ಲ ಮೆತ್ತಿಕೊಂಡಿದೆಯೆಂದೂ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಸಂಜೆ ನಾದಿನಿಗೆ ಫೋನು ಮಾಡಿದಾಗ ಹೇಳಿದೆ. ಗಂಡನ ತಂಗಿಗೆ ಹೇಳದೆ ಇನ್ಯಾರಿಗೆ ಹೇಳಲಿ? ಅವಳಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ವಲ್ಪ ಜೋರಾಗಿಯೇ ಹೇಳಿದೆ. ಮಾರನೇ ದಿನ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುತ್ತಾ "ಏನಮ್ಮ, ಚಾಕಲೇಟ್ ಕರಗಿತಂತಲ್ಲ" ಅಂತ ನನ್ನ ಮಗಳನ್ನು ಕೇಳಿದನಂತೆ. ತಪ್ಪು ನನ್ನದು ಅಂತ ಮನೆಯವರೆಲ್ಲ ತೀರ್ಮಾನ ಮಾಡಿದರು. ನಾನು ಇವತ್ತಿಗೂ ಒಪ್ಪುವುದಿಲ್ಲ, ತಪ್ಪು ಆ ಕಲ್ಲಿನದು.

ಅವತ್ತಿನಿಂದ ಅವಳ ಬಾಯಿಂದ ಬರುತ್ತಿದ್ದದ್ದು ಮೂರೇ ಮಾತು. ಹೂಂ, ಇಲ್ಲ, ಗೊತ್ತಿಲ್ಲ. ಊಟ ಹೇಗಿದೆ ಅಂದರೆ ಹೂಂ. ಸ್ಕೂಲಲ್ಲಿ ಏನಾಯಿತು ಅಂದರೆ ಗೊತ್ತಿಲ್ಲ. ಸ್ಕೂಲಿಗೆ ಹೋದವಳು ಇವಳು, ಗೊತ್ತಿಲ್ಲದಿರುವುದು ಹೇಗೆ? ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಕೊಡ್ಲಿಪೇಟೆ ಕಡೆಯವಳು. ನಮ್ಮ ತವರಿನಲ್ಲಿ ಸಿಟ್ಟು ಬಂದರೆ ಕೂಗಾಡುತ್ತೇವೆ, ಅರ್ಧ ಗಂಟೆ ಬಿಟ್ಟು ಒಟ್ಟಿಗೆ ಕಾಫಿ ಕುಡಿಯುತ್ತೇವೆ. ಮಾತೇ ಆಡದೆ ಶಿಕ್ಷೆ ಕೊಡುವ ವಿದ್ಯೆ ನಮಗೆ ಬರುವುದಿಲ್ಲ. ಈ ಪಡುವಣ ಬೆಟ್ಟದವರಿಗೆ ಅದು ರಕ್ತದಲ್ಲೇ ಇದೆ. ನನ್ನ ಗಂಡ ಜೀಪಿನ ಜೊತೆ ಮಾತಾಡಿದಷ್ಟು ನನ್ನ ಜೊತೆ ಮಾತಾಡಿದವರಲ್ಲ.

ಮಗಳು ಹತ್ತನೇ ಕ್ಲಾಸಿಗೆ ಬಂದ ವರ್ಷ ಸ್ಕೂಲಿನಲ್ಲಿ ತಂದೆ ತಾಯಿಯರ ಸಭೆ ಕರೆದರು. ಎಲ್ಲಿಂದಲೋ ಬಂದ ಒಬ್ಬರು ಮೇಡಂ ಮೈಕ್ ಹಿಡಿದು, ಮಕ್ಕಳ ಜೊತೆ ಸ್ನೇಹಿತರ ಥರ ಇರಬೇಕು, ರೂಮಿಗೆ ಹೋಗುವ ಮುಂಚೆ ಬಾಗಿಲು ತಟ್ಟಬೇಕು, ಅವರು ಏನಾದರೂ ಹೇಳಿದರೆ ನೀವು ಕೇಳಿಸಿಕೊಂಡಿದ್ದೀರಿ ಅಂತ ಅವರಿಗೆ ತಿಳಿಯುವ ಹಾಗೆ ಉತ್ತರ ಕೊಡಬೇಕು ಅಂದರು. ಈ ಮೂರನ್ನು ಕೇಳಿಕೊಂಡು ಬಂದು ನಾವು ಪಟ್ಟ ಪಾಡು ಯಾರಿಗೂ ಬೇಡ.

ಗಂಡ ಮಾರನೇ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮಗಳ ಮುಂದೆ ಹೋಗಿ ನಿಂತು "ಹಾಯ್ ಫ್ರೆಂಡ್" ಅಂದರು. ಅವಳು ಬಾಯಲ್ಲಿ ಪೇಸ್ಟ್ ಇಟ್ಟುಕೊಂಡೇ ನನ್ನ ಹತ್ತಿರ ಓಡಿ ಬಂದಳು. ಎಷ್ಟೋ ತಿಂಗಳ ಮೇಲೆ ಅವಳು ನನಗೆ ಹೇಳಿದ ಮೊದಲ ಪೂರ್ತಿ ವಾಕ್ಯ ಅದು: "ಅಪ್ಪನಿಗೆ ಎಂತಾಗಿದೆ ನೋಡು."

ಬಾಗಿಲು ತಟ್ಟುವುದು ಇನ್ನೂ ಕಷ್ಟವಾಯಿತು. ಅವಳ ಕೋಣೆಗೆ ಬಾಗಿಲೇ ಇಲ್ಲ, ಪರದೆ. ಪರದೆಯನ್ನು ತಟ್ಟುವುದು ಹೇಗೆ? ಗಂಡ ಹೊರಗೆ ನಿಂತು ಬಾಯಲ್ಲಿ "ಟಕ್ ಟಕ್" ಅನ್ನತೊಡಗಿದರು. ತೊಂಬತ್ತರ ಹತ್ತಿರದ ನಮ್ಮ ಅತ್ತೆಗೆ ಇದು ಬಹಳ ಹಿಡಿಸಿತು. ಅವರು ಊರುಗೋಲಿನಿಂದ ಮನೆಯ ಎಲ್ಲ ಕಂಬ, ಕೊಟ್ಟಿಗೆಯ ಗೋಡೆ, ಕೊನೆಗೆ ಹಸುವನ್ನೂ ತಟ್ಟಿ ಒಳಗೆ ಹೋಗಲು ಶುರು ಮಾಡಿದರು. ಮಗಳು ಕೋಣೆಯಲ್ಲಿ ಕೂತು ಕಿವಿ ಮುಚ್ಚಿಕೊಂಡಳು. ಮಾತು ಮಾತ್ರ ಮೂರರಲ್ಲೇ ನಿಂತಿತ್ತು.

ಆದರೂ ನಮ್ಮಿಬ್ಬರ ನಡುವೆ ಒಂದು ಮಾತು ದಿನಾ ನಡೆಯುತ್ತಿತ್ತು, ಅದು ಪಟಾಕಿಯದು.

ಬಸ್ ಸ್ಟಾಪು ನಮ್ಮ ಮನೆಯಿಂದ ಕೆಳಗೆ, ಒಂದು ಕಿಲೋಮೀಟರ್ ಇಳಿಜಾರು. ನಡುವೆ ಎಸ್ಟೇಟು, ಎಸ್ಟೇಟಿನ ತುಂಬ ಆನೆ. ಹಾಗಾಗಿ ಸ್ಟಾಪಿನ ಸೂರಿನಲ್ಲಿ ಒಂದು ಡಬ್ಬಿ ಇಟ್ಟಿದ್ದೇವೆ. ಅದರಲ್ಲಿ ಆನೆ ಓಡಿಸುವ ದೊಡ್ಡ ಪಟಾಕಿ ಮತ್ತು ಬೆಂಕಿಪೊಟ್ಟಣ. ಮಗಳು ಸಂಜೆ ಬಸ್ಸಿಳಿದು ಒಂದು ಹೊಡೆಯುತ್ತಾಳೆ. ಹತ್ತಿರ ಆನೆ ಇದ್ದರೆ ದೂರ ಹೋಗುತ್ತದೆ, ಮನೆಯಲ್ಲಿ ಅಪ್ಪನಿಗೆ ಕೇಳಿ ಜೀಪ್ ತರುತ್ತಾರೆ. ಒಂದು ಢಂ ಅಂದರೆ ಬಸ್ಸು ಇಳಿದೆ ಅಂತ ಅರ್ಥ.

ಈ ಏರ್ಪಾಡು ಶುರುವಾದ ದಿನವೇ ಅತ್ತೆ ಎಚ್ಚರಿಕೆ ಕೊಟ್ಟಿದ್ದರು. ಎಷ್ಟೇ ಹೆದರಿಕೆಯಾದರೂ ಒಂದೇ ಹೊಡೆಯಬೇಕು, ಒಂದರ ಹಿಂದೆ ಇನ್ನೊಂದು ಹೊಡೆಯಬಾರದು. ಯಾಕೆಂದರೆ ಇಲ್ಲಿ ಮನೆಯಲ್ಲಿ ಸಾವಾದರೆ ಕೋವಿಯಿಂದ ಜೋಡಿ ಗುಂಡು ಹಾರಿಸುತ್ತಾರೆ. ಬೆಟ್ಟದಲ್ಲಿ ಆ ಎರಡು ಸದ್ದು ಕೇಳಿತೆಂದರೆ ಜನ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಬಿಳಿ ಅಂಗಿ ಹಾಕಿಕೊಂಡು, ಸದ್ದು ಬಂದ ಕಡೆ ಹೊರಡುತ್ತಾರೆ. ಫೋನು ಬಂದ ಮೇಲೆ ಬೇರೆ ಕಡೆ ಇದು ಶಾಸ್ತ್ರಕ್ಕೆ ಉಳಿದಿದೆಯಂತೆ. ರೇಂಜೇ ಇಲ್ಲದ ನಮಗೆ ಇವತ್ತಿಗೂ ಅದೇ ಸುದ್ದಿ.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದು, ರಿಸಲ್ಟಿನ ಹಿಂದಿನ ದಿನ ಮಗಳು ತಾನಾಗಿ ಅಡುಗೆಮನೆಗೆ ಬಂದಳು. ನಾನು ಬೆರಗಾಗಿ ಸೌಟು ಹಿಡಿದುಕೊಂಡೇ ನಿಂತೆ.

"ಅಮ್ಮ, ರಿಸಲ್ಟ್ ನಾನೇ ನೋಡ್ತೇನೆ. ನಾಳೆ ಪೇಟೆಗೆ ಹೋಗಿ ನೋಡಿ, ಬಂದು ನಿಂಗೆ ನಾನೇ ಹೇಳ್ತೇನೆ. ಅಷ್ಟರೊಳಗೆ ನೀನು ಕಲ್ಲಿನ ಹತ್ರ ಹೋಗಿ ನೋಡ್ಬಾರ್ದು. ಯಾರಿಗೂ ನನ್ನ ರಿಜಿಸ್ಟರ್ ನಂಬರ್ ಕೊಡ್ಬಾರ್ದು."

"ನಾನ್ಯಾಕೆ ಹೋಗ್ಲಿ?"

"ಹೋಗ್ತೀಯ. ನಂಗೆ ಗೊತ್ತುಂಟು."

"ಹೋಗಲ್ಲ ಅಂದ್ನಲ್ಲೇ."

"ಹೋಗ್ಲಿಲ್ಲ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಹೊಟ್ಟೆಯಲ್ಲಿ ಹುಟ್ಟಿದ ಮಗಳು ಸಾಕ್ಷಿ ಕೇಳುತ್ತಿದ್ದಾಳೆ. ಬೇರೆ ದಿನವಾಗಿದ್ದರೆ ಸೌಟು ಕೈಯಲ್ಲಿ ಉಳಿಯುತ್ತಿರಲಿಲ್ಲ. ಆದರೆ ವರ್ಷದ ಮೇಲೆ ನನ್ನನ್ನು ಹುಡುಕಿಕೊಂಡು ಬಂದಿದ್ದಾಳೆ. ಈ ಸಲ ನಾನು ಕೆಡಿಸಿದರೆ ಆ ಪರದೆಯ ಆಚೆಗೆ ಹೋದವಳು ಮತ್ತೆ ಈಚೆಗೆ ಬರುವುದಿಲ್ಲ ಅಂತ ನನಗೆ ಹೊಳೆದುಬಿಟ್ಟಿತು. ಅವಳು ಪಾಸಾಗುವುದಕ್ಕಿಂತ ಅವಳೇ ಬಂದು ನನಗೆ ಮೊದಲು ಹೇಳುವುದು ನನಗೆ ಬೇಕಾಗಿತ್ತು. ಸಭೆಯ ಮೇಡಂ ಹೇಳಿದ್ದೂ ನೆನಪಾಯಿತು, ಕೇಳಿಸಿಕೊಂಡಿದ್ದೀರಿ ಅಂತ ತಿಳಿಯುವ ಹಾಗೆ ಉತ್ತರ ಕೊಡಿ ಅಂತ.

"ನೀನು ಬಸ್ಸಿಳಿದು ಒಂದು ಹೊಡಿ. ನಾನು ಮನೆ ಮುಂದಿನ ಕಣದಲ್ಲೇ ಕೂತಿರ್ತೀನಿ. ನಿಂದು ಕೇಳಿದ ತಕ್ಷಣ ಇಲ್ಲಿಂದ ನಾನೂ ಒಂದು ಹೊಡೀತೀನಿ. ಆಗ ನಾನು ಇಲ್ಲೇ ಇದೀನಿ ಅಂತ ಗೊತ್ತಾಗುತ್ತಲ್ಲ?"

ಅವಳು ಯೋಚನೆ ಮಾಡಿದಳು. "ಕಲ್ಲಿನ ಮೇಲೆ ಹೊಡೆದ್ರೆ ಎದುರು ಗುಡ್ಡದಿಂದ ವಾಪಸ್ ಬರ್ತದೆ. ನಂಗೆ ಗೊತ್ತಾಗ್ತದೆ."

"ಕಣದಲ್ಲೇ ಹೊಡೀತೀನಿ ಕಣೇ."

ಹೀಗೆ ಒಪ್ಪಂದವಾಯಿತು. ಅವಳದ್ದೊಂದು, ತಕ್ಷಣ ನನ್ನದೊಂದು, ಎರಡೂ ಸೇರಿದರೆ ಏನಾಗುತ್ತದೆ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಅವಳ ತಲೆಯಲ್ಲಿ ರಿಸಲ್ಟು. ನನ್ನ ತವರಿನ ಮನೆತನದಲ್ಲಿ ಸಾವಿಗೆ ಗುಂಡು ಹಾರಿಸುವ ಪದ್ಧತಿ ಇಲ್ಲ. ಗೊತ್ತಿದ್ದ ಅತ್ತೆ ಒಬ್ಬರು ಆ ಹೊತ್ತಿಗೆ ಜಗಲಿಯಲ್ಲಿ ತೂಕಡಿಸುತ್ತಿದ್ದರು.

ರಿಸಲ್ಟಿನ ದಿನ ಅವಳು ಬೆಳಗಿನ ಬಸ್ಸಿಗೆ ಹೋದಳು. ನಾನು ಕಣಕ್ಕೆ ಒಂದು ಸ್ಟೂಲು ತಂದು ಹಾಕಿಕೊಂಡು ಪಟಾಕಿ ಹಿಡಿದು ಕೂತೆ. ಕಾಫಿ ಒಣಗಿಸಿ ಮುಗಿದಿತ್ತು, ಕಣ ಖಾಲಿ. ಕೈಯಲ್ಲಿ ಫೋನೂ ಇತ್ತು. ಅವಳ ರಿಜಿಸ್ಟರ್ ನಂಬರು ನನಗೆ ಬಾಯಿಪಾಠ. ನನ್ನ ಮದುವೆಯ ತಾರೀಕಿನಲ್ಲಿ ಒಮ್ಮೊಮ್ಮೆ ಅನುಮಾನ ಬಂದರೂ ಬಂದೀತು, ಆ ನಂಬರಿನಲ್ಲಿ ಬರುವುದಿಲ್ಲ. ಹಿಂದೆ ತಿರುಗಿದರೆ ತೋಟ, ತೋಟದ ಮೇಲೆ ಕಲ್ಲು. ಹೋಗಿ ಬರಲು ಎಷ್ಟು ಹೊತ್ತು? ಯಾರು ನೋಡುತ್ತಾರೆ? ಫೋನನ್ನು ತೆಗೆದುಕೊಂಡು ಹೋಗಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು ಬಂದೆ.

ಮಧ್ಯಾಹ್ನದ ಊಟ ಕಳೆದ ಮೇಲೆ ಕೆಳಗಿಂದ ಢಂ ಅಂತು. ನನ್ನ ಮಗಳು ಬಂದಳು. ಕಡ್ಡಿ ಗೀರಿದೆ, ಎಸೆದೆ. ನನ್ನದೂ ಢಂ ಅಂತು. ಇಷ್ಟು ಖುಷಿಯಾಗಿ ನಾನು ಜೀವಮಾನದಲ್ಲಿ ಪಟಾಕಿ ಹೊಡೆದಿರಲಿಲ್ಲ.

ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿ "ಯಾರ್ ಹೋದ್ದು?" ಅಂತ ಕೇಳಿದರು.

ಆಗ ನನಗೆ ಅರ್ಥವಾಯಿತು.

ಮೊದಲು ಬಂದವರು ನನ್ನ ಗಂಡ. ಕೆಳಗಿನ ಗದ್ದೆಯ ಪಂಪ್ ಹತ್ತಿರ ಇದ್ದರು, ನಮ್ಮ ಒಪ್ಪಂದದ ವಿಷಯ ಅವರಿಗೆ ಗೊತ್ತಿರಲಿಲ್ಲ. ಹಿಂದಿನ ತಿಂಗಳಷ್ಟೇ ಅತ್ತೆ ಆಸ್ಪತ್ರೆಯಿಂದ ಬಂದಿದ್ದರು. ಜೋಡಿ ಸದ್ದು ಕೇಳಿ, ಒಂದು ಕಾಲಿನ ಚಪ್ಪಲಿ ಗದ್ದೆಯಲ್ಲೇ ಬಿಟ್ಟು "ಅವ್ವಾ" ಅಂತ ಓಡಿ ಬಂದರು. ಅವ್ವ ಬೀಜ ಸುಲಿಯುತ್ತಿದ್ದರು. ಗಂಡ ಅವರನ್ನು ನೋಡಿದರು, ನನ್ನನ್ನು ನೋಡಿದರು. ಇಬ್ಬರೂ ಇದ್ದೇವೆ. ಅವರ ಮುಖ ಬಿಳಿಚಿಕೊಂಡಿತು.

"ಮಗಳೆಲ್ಲಿ?"

ನಾನು ಬಾಯಿ ತೆಗೆಯುವ ಮುಂಚೆ ಜೀಪು ಇಳಿಜಾರಿನಲ್ಲಿ ಹೋಗಿಯಾಗಿತ್ತು. ಆ ಮುಖವನ್ನು ನಾನು ಮರೆಯುವುದಿಲ್ಲ.

ಆಮೇಲೆ ಊರು ಬಂತು. ಮೇಲಿನ ಮನೆಯ ಮಾವ, ನಮ್ಮ ಕುಟುಂಬಕ್ಕೆ ಹಿರಿಯರು, ಇಬ್ಬರು ಗಂಡಸರನ್ನೂ ಮರ ಕೊಯ್ಯುವ ಮಿಷನ್ನನ್ನೂ ಕಟ್ಟಿಕೊಂಡು ಬಂದರು. ಅಳುವವರು ಅಳಲಿ, ಸೌದೆಯ ಕೆಲಸ ಮೊದಲು ಅನ್ನುವ ಜಾತಿ ಅವರು. ಜಗಲಿಯ ಕಡೆ ನೋಡಲೂ ಇಲ್ಲ, ನೇರ ಹಿತ್ತಲಿನ ಮಾವಿನ ಮರಕ್ಕೆ ಹೋದರು. ಮಿಷನ್ನು ಗರ್ ಅಂತು. ಚಿತೆಗೆ ಮಾವಿನ ಮರ ಆಗಬೇಕು, ನಮ್ಮ ಹಿತ್ತಲಿನ ಮರ ಅತ್ತೆಯ ಲೆಕ್ಕದಲ್ಲೇ ಇದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅತ್ತೆ ಆ ಮರದ ಕಾಡುಮಾವಿನ ಸಾರನ್ನು ಇನ್ನೂ ಬಿಟ್ಟಿರಲಿಲ್ಲ.

"ಯಾರ್‍ರಾ ಅದ್, ನನ್ನ ಮರಕ್ಕೆ ಕೈ ಹಾಕ್ದು?" ಅಂತ ಅರೆಭಾಷೆಯಲ್ಲಿ ಕೂಗಿದರು. "ನಾ ಇನ್ನೂ ಸತ್ತಿಲ್ಲೆ."

ಮಿಷನ್ನು ನಿಂತಿತು. ಮಾವ ಮೂಲೆಯಿಂದ ಇಣುಕಿ ನೋಡಿ, ಸ್ವಲ್ಪ ಬೇಸರದಲ್ಲೇ "ಹಾಗಾದ್ರೆ ಯಾರು?" ಅಂತ ಕೇಳಿದರು.

ನಾದಿನಿ ಎದುರು ಗುಡ್ಡದಿಂದ ಅಷ್ಟು ದೂರ ಹೇಗೆ ಬಂದಳೋ, ಮಂದ ಕಿವಿಗೂ ಸದ್ದು ಕೇಳಿತಂತೆ. ಗೇಟಿನಿಂದಲೇ ಕಣ್ಣು ಮುಚ್ಚಿಕೊಂಡು ಅಳುತ್ತಾ ಬಂದು ತಾಯಿಯ ಕಾಲಿನ ಮೇಲೆ ಬಿದ್ದಳು. ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಒತ್ತುದಾದ್ರೆ ಆಚೆ ಕಾಲ್ ಒತ್ತ್ ಮಗ, ನೋವು ಅದ್ರಲ್ಲಿ ಉಟ್ಟು" ಅಂದರು. ನಾದಿನಿ ಕಣ್ಣು ಬಿಟ್ಟು, ತಾಯಿಯನ್ನು ನೋಡಿ, ಮೊದಲಿಗಿಂತ ಜೋರಾಗಿ ಅತ್ತಳು.

ಅಷ್ಟರಲ್ಲಿ ಪಿಕಪ್ಪಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳೂ ಬಂದವು. ಕರೆಯದೆಯೇ ಬರುವಷ್ಟು ಚುರುಕಿನವನು ಆ ಕುರ್ಚಿಯವನು. ಯಾರೂ ಸತ್ತಿಲ್ಲ ಅಂದರೆ ಅವನು "ಇಳಿಸಿದ್ದು ಇಳಿಸಿಯಾಯ್ತು, ಕೂತ್ಕೊಳ್ಳಿ" ಅಂದ. ಬಿಳಿ ಅಂಗಿಯವರೆಲ್ಲ ಕಣದಲ್ಲಿ ಸಾಲಾಗಿ ಜಗಲಿಯ ಕಡೆ ಮುಖ ಮಾಡಿ ಕೂತರು. ಜಗಲಿಯ ಮೇಲೆ ಅತ್ತೆ ಒಂದೊಂದೇ ಬೀಜ ಸುಲಿದು ಮೊರಕ್ಕೆ ಹಾಕುತ್ತಿದ್ದರು, ಎಲ್ಲರೂ ಅದನ್ನೇ ನೋಡುತ್ತಿದ್ದರು. ಅತ್ತೆ ಯಾರು ಬಂದಿದ್ದಾರೆ ಯಾರು ಬಂದಿಲ್ಲ ಅಂತ ಕಣ್ಣಲ್ಲೇ ಅಳೆದು, "ಕೆಳಗಿನ ಮನೆಯವು ಬಂದಿಲ್ಲೆ" ಅಂತ ಗೊಣಗಿದರು.

"ಗುಂಡು ಹೊಡೆದದ್ದು ಯಾರು?" ಮಾವ ಕೇಳಿದರು.

"ಒಂದು ನಾನು" ಅಂದೆ.

"ಇನ್ನೊಂದು?"

"ಮಗಳು. ಸ್ಟಾಪಿನಿಂದ."

"ಯಾಕೆ?"

"ಅವಳು ಬಂದೆ ಅಂದ್ಲು. ನಾನು ಇಲ್ಲೇ ಇದೀನಿ ಅಂದೆ."

ಮಾವ ನನ್ನನ್ನು ನೋಡಿದರು, ಸುತ್ತ ಕುರ್ಚಿಗಳನ್ನು ನೋಡಿದರು. "ಅಷ್ಟು ಹೇಳ್ಲಿಕ್ಕೆ ಇಷ್ಟು ಜನ ಬೇಕಾ ಮಾರಾಯ್ತಿ?"

ಎಲ್ಲರೂ ನಕ್ಕು ಎದ್ದು ಹೋಗುತ್ತಾರೆ ಅಂದುಕೊಂಡೆ. ಎಲ್ಲಿ ಹೋಗುತ್ತಾರೆ? ಕೆಲಸ ಬಿಟ್ಟು, ಬಟ್ಟೆ ಬದಲಿಸಿ ಬಂದಿದ್ದಾರೆ, ಬರಿಗೈಯಲ್ಲಿ ಹೇಗೆ ಹೋಗುವುದು? ಯಾವುದಾದರೂ ಒಂದು ಸುದ್ದಿ ಬೇಕು. ನಾದಿನಿ ಕಣ್ಣೊರೆಸಿಕೊಂಡು "ಅತ್ತಿಗೆ, ಇವತ್ತು ರಿಸಲ್ಟ್ ಅಲ್ವಾ?" ಅಂದಳು. ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು.

"ನಂಬರ್ ಹೇಳಿ, ನಾನು ಕಲ್ಲಿನ ಹತ್ರ ಓಡಿ ನೋಡಿ ಬರ್ತೇನೆ."

"ಬೇಡ. ಅವಳೇ ಬಂದು ಹೇಳ್ತಾಳೆ."

"ನಾನೇನು ಹೊರಗಿನವಳಾ? ಸೋದರತ್ತೆ ಅಲ್ವಾ?"

"ಪಾಸಾಗದೆ ಇರ್ತಾಳಾ, ಹೇಳಮ್ಮ" ಅಂತ ಮಾವ. "ಅಲ್ಲ, ಫೇಲಾಗಿದ್ದಕ್ಕೇ ಎರಡು ಹೊಡೆದ್ರೋ ಏನೋ" ಅಂತ ಹಿಂದಿನ ಸಾಲಿನಿಂದ ಯಾರೋ.

ನನಗೆ ಪಿತ್ತ ನೆತ್ತಿಗೇರಿತು. ಅವನಿಗೆ ಉತ್ತರ ಕೊಡಲೆಂದಾದರೂ ಆ ನಂಬರು ಹೊರಗೆ ಬರಬೇಕು ಅಂತ ಹಾರಾಡುತ್ತಿತ್ತು. ಮೊದಲ ಅಂಕಿ ನಾಲಿಗೆಯ ತುದಿಗೆ ಬಂದು ಕೂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನನ್ನ ತಾಯಿ ಹೇಳಿ ಹೇಳಿ ಸತ್ತರು, ನನಗೆ ತಟ್ಟಿರಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ತಮಗೆಂದು ಮಡಚಿಟ್ಟುಕೊಂಡಿದ್ದ ಎಲೆಅಡಿಕೆಯನ್ನು ತೆಗೆದು ನನ್ನ ಬಾಯಿಗೆ ತುರುಕಿ, ಗಲ್ಲವನ್ನು ಕೈಯಿಂದ ಮೇಲಕ್ಕೆ ಒತ್ತಿ ಮುಚ್ಚಿದರು.

ಹಿಂದಿನ ದಿನ ತೂಕಡಿಸುತ್ತಿದ್ದರು ಅಂದೆನಲ್ಲ, ತೂಕಡಿಸುತ್ತಿರಲಿಲ್ಲವೋ ಏನೋ.

ನಾನ್ಯಾವತ್ತೂ ಎಲೆಅಡಿಕೆ ಹಾಕಿದವಳಲ್ಲ, ಅದರಲ್ಲಿ ಹೊಗೆಸೊಪ್ಪು ಬೇರೆ ಇತ್ತು. ಉಗುಳಿದರೆ ಬಾಯಿ ಖಾಲಿಯಾಗುತ್ತದೆ, ಖಾಲಿಯಾದರೆ ನಂಬರು ಬರುತ್ತದೆ. ಹಾಗಾಗಿ ಅಗಿದೆ. ತಲೆ ಗಿರ್ರನೆ ತಿರುಗಿತು. ನಾದಿನಿ ಬೇಡಿಕೊಂಡಳು, ಕೋಪ ಮಾಡಿಕೊಂಡಳು, ಕೊನೆಗೆ ಒಂದೊಂದೇ ಅಂಕಿ ಬೆರಳಲ್ಲಾದರೂ ತೋರಿಸಿ ಅಂದಳು. ನಾನು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಂಬಕ್ಕೆ ಒರಗಿ ಕೂತೆ.

ಜೀಪು ಬಂತು. ಅಪ್ಪ ಮಗಳು ಇಬ್ಬರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಸ್ಟಾಪಿನಲ್ಲಿ ಏನಾಯಿತೆಂದು ಆಮೇಲೆ ತಿಳಿಯಿತು. ಗಂಡ ಜೀಪು ನಿಲ್ಲಿಸಿ, ಜೀವಂತ ನಿಂತಿದ್ದ ಮಗಳನ್ನು ನೋಡಿ, ತಬ್ಬಿಕೊಂಡು ಅತ್ತರಂತೆ. ಹುಟ್ಟಿದಾಗಿನಿಂದ ಅಪ್ಪ ಅತ್ತದ್ದನ್ನು ನೋಡದ ಮಗಳು, ಅದಕ್ಕೆ ಸ್ವಲ್ಪ ಮುಂಚೆ ಜೋಡಿ ಸದ್ದು ಕೇಳಿದವಳು, ಅಜ್ಜಿ ಹೋದರು ಅಂದುಕೊಂಡಳು. ಅದರಲ್ಲಿ ಒಂದು ತನ್ನದೇ ಅಂತ ಆ ಗಾಬರಿಯಲ್ಲಿ ಅವಳಿಗೂ ತಲೆಗೆ ಹೋಗಲಿಲ್ಲ. ಇಬ್ಬರೂ ಒಂದು ಕಿಲೋಮೀಟರ್ ಅಳುತ್ತಾ ಬಂದರು. ಯಾಕೆ ಅಂತ ಇವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಅಪ್ಪನ ಮಗಳೇ ಸರಿ.

ಕಣದ ತುಂಬ ಕುರ್ಚಿ, ಬಿಳಿ ಅಂಗಿ. ಮಗಳು "ಅಜ್ಜೀ" ಅಂತ ಜಗಲಿಗೆ ಓಡಿ ಬಂದು ಗಕ್ಕನೆ ನಿಂತಳು.

"ಬಾ ಮಗ, ಬೀಜ ಸುಲಿ" ಅಂದರು ಅತ್ತೆ.

ಮಗಳು ಅಜ್ಜಿಯ ಕೆನ್ನೆ ಮುಟ್ಟಿ ನೋಡಿದಳು. ಆಮೇಲೆ ಕಣದಲ್ಲಿ ಕೂತವರನ್ನು ನೋಡಿದಳು. "ಏನಾಯ್ತು ಮಗ ರಿಸಲ್ಟು?" ಅಂತ ಮಾವ ಕೇಳಿದ್ದೇ ತಡ, ಅವಳ ಮುಖ ಕಲ್ಲಾಯಿತು. ಕತ್ತು ನಿಧಾನವಾಗಿ ನನ್ನ ಕಡೆ ತಿರುಗಿತು. ನಾನು ಊರು ಸೇರಿಸಿದ್ದೇನೆ ಅಂತಲೇ ಅವಳಿಗೆ ಅನ್ನಿಸಿತು, ಯಾರಿಗೆ ಅನ್ನಿಸುವುದಿಲ್ಲ? ನನಗೆ ಹೇಳಬೇಕು, ಹೇಳಲಾಗದು. ಬಾಯಿ ತುಂಬ ಕೆಂಪು ರಸ, ಕಣ್ಣಲ್ಲಿ ನೀರು, ತಲೆ ತಿರುಗುತ್ತಿದೆ. ಅಲ್ಲ ಅಲ್ಲ ಅಂತ ತಲೆ ಆಡಿಸಿದೆ. ಅದು ಇನ್ನಷ್ಟು ತಿರುಗಿತು.

ನನ್ನನ್ನು ಕಾಪಾಡಿದವಳು ನಾದಿನಿ, ಅದೂ ಚಾಡಿ ಹೇಳಿ. "ನಿನ್ನ ಅಮ್ಮನಿಗೆ ಎಂಥ ಸೊಕ್ಕು ನೋಡು. ಆವಾಗಿನಿಂದ ಕಾಲು ಹಿಡಿದು ಕೇಳ್ತಾ ಇದ್ದೇನೆ, ನಂಬರ್ ಬಿಡ್ಲಿಲ್ಲ. ಮಾತಾಡ್ಬಾರ್ದು ಅಂತ ಬಾಯಿ ತುಂಬ ಎಲೆಅಡಿಕೆ ಹಾಕ್ಕೊಂಡು ಕೂತಿದ್ದಾಳೆ. ನಾನು ಇನ್ನು ಈ ಮನೆಗೆ ಬರೋದಿಲ್ಲ."

ಮಗಳು ನನ್ನ ಬಾಯನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಹಿತ್ತಲಿಗೆ ನಡೆದಳು. ಮಾವಿನ ಮರದ ಬುಡದಲ್ಲಿ ಮಿಷನ್ನಿನ ಹಲ್ಲು ಬಿದ್ದ ಗಾಯ ಇತ್ತು. ನಾನು ಅಲ್ಲೇ ಬಗ್ಗಿ ಎಲ್ಲ ಉಗುಳಿದೆ. ಅವಳು ನನ್ನ ಬೆನ್ನು ಸವರಿದಳು.

"ಮ್ಯಾಥ್ಸ್ ಹೋಯ್ತು ಅಮ್ಮ. ಇಪ್ಪತ್ತೆರಡು."

ಬೈಗುಳ ತಾನಾಗಿಯೇ ಎದ್ದು ಬಂತು, ಸುಳ್ಳು ಯಾಕೆ ಹೇಳಲಿ? ಆದರೆ ಹೊಗೆಸೊಪ್ಪಿಗೆ ಮರಗಟ್ಟಿದ ನಾಲಿಗೆ ಹೊರಳಲಿಲ್ಲ. ಆ ಪುಣ್ಯಕ್ಕೆ ಅವಳ ಮುಂದಿನ ಮಾತು ನನಗೆ ಕೇಳಿತು.

"ನಂಗೆ ಪರೀಕ್ಷೆ ದಿನವೇ ಗೊತ್ತಿತ್ತು. ಅವತ್ತೇ ನಿಂಗೆ ಹೇಳ್ಬೇಕಂತ ಇತ್ತು. ಈ ಮನೇಲಿ ಹೇಳ್ಲಿಕ್ಕೆ ಜಾಗ ಎಲ್ಲಿ ಉಂಟು ಅಮ್ಮ?"

ಪರೀಕ್ಷೆ ಮುಗಿದಾಗಿನಿಂದ ಆ ಪರದೆಯ ಹಿಂದೆ ಇವಳು ಒಬ್ಬಳೇ ಇದನ್ನು ಇಟ್ಟುಕೊಂಡು ಮಲಗಿದ್ದಳು. ನಾನು ಈಚೆ ನಿಂತು, ಮಾತಾಡುವುದಿಲ್ಲ ಅಂತ ಇವಳನ್ನೇ ಬೈಯುತ್ತಿದ್ದೆ. ಕೆಂಪು ಬಾಯಲ್ಲೇ ಅವಳನ್ನು ತಬ್ಬಿಕೊಂಡೆ, ಅವಳ ಬಿಳಿ ಚೂಡಿದಾರಿನ ಹೆಗಲು ಹಾಳಾಯಿತು.

"ಅವರಿಗೆಲ್ಲ ಏನಂತ ಹೇಳೋದು?" ಅಂತ ನಾನು ತೊದಲಿದೆ.

"ಕಾಫಿ ಮಾಡು. ನಾನೇ ಹೇಳ್ತೇನೆ."

ಇದ್ದಬದ್ದ ಲೋಟಗಳೆಲ್ಲ ಹೊರಗೆ ಬಂದವು. ಮಗಳು ಸಾಲಿನಲ್ಲಿ ಒಬ್ಬೊಬ್ಬರಿಗೂ ಕಾಫಿ ಬಗ್ಗಿಸಿ ಕೊಡುತ್ತಾ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ "ಮ್ಯಾಥ್ಸ್ ಹೋಯ್ತು" ಅಂತ ಹೇಳುತ್ತಾ ಹೋದಳು. ದುಃಖ ಹೇಳಲೆಂದೇ ಬಂದಿದ್ದ ಜನ, ಕೊನೆಗೂ ಕೆಲಸ ಸಿಕ್ಕಿದ ಸಮಾಧಾನದಲ್ಲಿ ಅವಳ ಕೈ ಮುಟ್ಟಿ, ತಲೆ ತಗ್ಗಿಸಿ, "ಏನು ಮಾಡೋದು, ನಮ್ಮ ಕೈಯಲ್ಲಿಲ್ಲ" ಅಂದರು. ಒಬ್ಬರಂತೂ "ಹೋಗುವ ಮುಂಚೆ ಬಹಳ ಕಷ್ಟಪಟ್ಟಿತಾ?" ಅಂತ ಕೇಳಿಯೇಬಿಟ್ಟರು. ಮೇಲಿನ ಮನೆಯ ಮಾವ ಮಾತ್ರ ಲೋಟ ತೆಗೆದುಕೊಂಡು, "ನಂದೂ ಹೋಗಿತ್ತು ಬಿಡು, ಆಮೇಲೆ ಬರ್ಲೇ ಇಲ್ಲ" ಅಂದರು.

ಕೊನೆಯ ಕುರ್ಚಿಯಲ್ಲಿ ಅವಳ ಅಪ್ಪ ಕೂತಿದ್ದರು, ಇನ್ನೂ ಒಂದೇ ಚಪ್ಪಲಿಯಲ್ಲಿ. ಅವಳು ಲೋಟ ಕೊಟ್ಟು "ಅಪ್ಪ, ಮ್ಯಾಥ್ಸ್ ಹೋಯ್ತು" ಅಂದಳು. ಅವಳ ಧ್ವನಿ ನಡುಗಿದ್ದು ಅಲ್ಲಿ ಮಾತ್ರ. ಗಂಡ ಒಂದು ಗುಟುಕು ಕುಡಿದು, ಅವಳನ್ನು ತಲೆಯಿಂದ ಕಾಲಿನವರೆಗೆ ಇನ್ನೊಂದು ಸಲ ನೋಡಿ, "ಹೌದಾ, ಸ್ವಲ್ಪ ಸಕ್ಕರೆ ಹಾಕು" ಅಂದರು.

ಮ್ಯಾಥ್ಸಿನ ಎರಡನೇ ಪರೀಕ್ಷೆಗೆ ಅವಳು ಓದುವಾಗ ಪರದೆಯನ್ನು ಒಂದು ಕಡೆಗೆ ಸರಿಸಿ ಮೊಳೆಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಸೆಖೆಗೆ ಅಂತ ಹೇಳಿದಳು. ಮಳೆಗಾಲ ಶುರುವಾಗಿತ್ತು, ಎಲ್ಲಿಯ ಸೆಖೆ? ನಾನು ಕೇಳಲಿಲ್ಲ. ಬಸ್ ಸ್ಟಾಪಿನಿಂದ ಅವಳದ್ದೊಂದು ಢಂ ಕೇಳಿದರೆ ಈಗ ನಾನು ಕಣದ ತುದಿಗೆ ಹೋಗಿ ಬಾಯಲ್ಲೇ "ಓಯ್" ಅಂತ ಕೂಗುತ್ತೇನೆ. ಒಂದು ಕಿಲೋಮೀಟರ್ ಕೆಳಗೆ ಅದು ಕೇಳುವುದಿಲ್ಲ ಅಂತ ನನಗೂ ಗೊತ್ತು. ಕೇಳಿತು ಅಂತ ಅವಳು ಹೇಳುತ್ತಾಳೆ.

ಎರಡನೇ ರಿಸಲ್ಟಿನ ದಿನ ಅವಳು ಪೇಟೆಗೆ ಹೋಗಲಿಲ್ಲ. ಕೊಡೆ ಹಿಡಿದು ನನ್ನನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋದಳು. ಮಳೆಯಲ್ಲಿ ಇಬ್ಬರೇ ಇದ್ದೆವು. ನಂಬರೆಲ್ಲ ಒತ್ತಿ, ಚಕ್ರ ತಿರುಗುತ್ತಿರುವಾಗಲೇ, ತಾನು ನೋಡದೆ ಫೋನನ್ನು ನನ್ನ ಕೈಗೆ ಕೊಟ್ಟಳು.

"ಈ ಸಲ ನೀನು ಮೊದ್ಲು ನೋಡು" ಅಂದಳು.

ಎರಡು ಕೈಯಲ್ಲೂ ಫೋನು ಹಿಡಿದು ನೋಡಿದೆ. ಬರೀ ಮಂಜು. ಕನ್ನಡಕ ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲೆ ಇತ್ತು.

"ಏನುಂಟು?" ಅಂದಳು, ಕಣ್ಣು ಮುಚ್ಚಿಕೊಂಡು ನಿಂತವಳು.

"ನಂಗೆ ಕಾಣಲ್ಲ ಕಣೇ. ನೀನೇ ಹೇಳು."

ಅವಳು ಕಣ್ಣು ಬಿಟ್ಟು, ನನ್ನನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಫೋನು ತೆಗೆದುಕೊಂಡು ನೋಡಿ, ನನ್ನ ಕಿವಿಗೆ ಬಾಯಿಟ್ಟು ಮೆಲ್ಲಗೆ ಹೇಳಿದಳು, ಪಾಸು, ನಲವತ್ತೊಂದು. ಎದುರು ಗುಡ್ಡಕ್ಕೆ ಕೇಳಲಿಲ್ಲ.